ಐದು ಗುರುವಾರಗಳ ಗುರುತು

"ಮೊದಲ ಬಲಗಣ್ಣು ಮುಚ್ಚಲೇನ್ರಿ, ಎಡಗಣ್ಣೋ?"

ಕಳಕೇಶ ಸುಶ್ಮಿತಾಳ ಜೊತೆ ಆಡಿದ ಮೊದಲ ಮಾತು ಇದು. ಅವಳು ಕೇಳಿದ್ದು ಇಷ್ಟೇ: "ಇದನ್ನ ಓದಾಕ ಬರ್ತೈತೇನ್ ನೋಡ್ರಿ." ಕೈಯಲ್ಲಿ ಹಿಡಿದಿದ್ದು ಹಿತ್ತಾಳೆಯ ಒಂದು ಬಿಲ್ಲೆ, ಅದರ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಅಂಕಿಗಳು.

ಬೆಟಗೇರಿಯ ಆ ವಾಲ್ವ್ ಕಾರ್ಖಾನೆಗೆ ಅಂದು ಕಣ್ಣಿನ ಡಾಕ್ಟರು ಬರುವವರಿದ್ದರು. ಬಿಳಿ ಕೋಟು ಹಾಕಿಕೊಂಡು, ನೀಲಿ ಪೆಟ್ಟಿಗೆ ಹಿಡಿದುಕೊಂಡು ಬಂದವಳನ್ನು ಕಂಡು ಕಳಕೇಶ ಇವರೇ ಅವರು ಎಂದುಕೊಂಡ. ಸ್ಟೂಲಿನ ಮೇಲೆ ನೆಟ್ಟಗೆ ಕುಳಿತು, ಅಂಗೈಯಿಂದ ಒಂದು ಕಣ್ಣು ಮುಚ್ಚಿ ಅಂಕಿಗಳನ್ನೆಲ್ಲ ಓದಿದ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಮತ್ತೊಮ್ಮೆ ಓದಿದ. ಅವನನ್ನು ನೋಡಿ ಲೇಥ್ ಮಶಿನ್ನಿನ ನಾಲ್ವರು ಹಿಂದೆ ಸಾಲಾಗಿ ನಿಂತರು.

"ಚಷ್ಮಾ ಬೇಕಾಗೂದಿಲ್ಲಲ್ರೀ ಡಾಕ್ಟರ?"

"ನಿಮ್ಮ ಕಣ್ಣು ಭಾಳ ಚಲೋ ಅದಾವ್ರಿ" ಎಂದಳು ಸುಶ್ಮಿತಾ. ಹಾಗೆಂದ ಮೇಲೆ ತಾನು ಏನು ಅಂದೆನೆಂದು ಹೊಳೆದು ಕೆನ್ನೆ ಕೆಂಪಗಾಯಿತು. "ಆದ್ರ ನಾ ಡಾಕ್ಟರ್ ಅಲ್ರಿ. ಸಾಮಾನಿನ ಮ್ಯಾಲೆ ಗುರುತು ಹೊಡಿಯೋ ಮಶಿನ್ ತೋರಿಸಾಕ ಹುಬ್ಬಳ್ಳಿಯಿಂದ ಬಂದೇನಿ."

ಹಿಂದಿನ ಸಾಲು ನಗುತ್ತ ಕರಗಿತು. ಕಳಕೇಶ ಮಾತ್ರ ಒಂದು ಕಣ್ಣು ಮುಚ್ಚಿಕೊಂಡೇ ಕುಳಿತಿದ್ದ. ಕೈ ತೆಗೆಯಲು ಮರೆತಿದ್ದ.

ಆ ಗುರುತಿನ ಸಂಗತಿ ಹೀಗಿತ್ತು. ಮುಂಡರಗಿ ಕಡೆಯಿಂದ ಒಂದು ಸೋರುವ ವಾಲ್ವು ವಾಪಸ್ಸು ಬಂದಿತ್ತು. ಅದು ನಮ್ಮದು ಹೌದೋ ಅಲ್ಲವೋ ಎಂದು ಮಾಲಕ ಅಂದಪ್ಪನವರು ತಿರುವಿ ತಿರುವಿ ನೋಡಿದರು. ಮೈಮೇಲೆ ಒಂದು ಗೀರೂ ಇರಲಿಲ್ಲ. ಹೆತ್ತವರೇ ಮಕ್ಕಳ ಗುರುತು ಹಿಡಿಯಲಾಗದ ಪರಿಸ್ಥಿತಿ. ಅಂದೇ ಅವರು ಕಳಕೇಶನನ್ನು ಕರೆದು, "ಇನ್ನ ಮ್ಯಾಲೆ ಪ್ರತಿಯೊಂದಕ್ಕೂ ಹೆಸರು, ನಂಬರ ಬೇಕು. ಹೆಂಗ ಹೊಡೀಬೇಕು ಅನ್ನೋದು ನೀ ಆರಿಸು. ನೀ ಹೂಂ ಅಂದ್ರ ನಾನೂ ಹೂಂ" ಎಂದಿದ್ದರು.

ಕಳಕೇಶ ಕೊರ್ಲಹಳ್ಳಿಯವನು, ಮೂವತ್ತೊಂದು ವರ್ಷ, ತಯಾರಾದ ವಾಲ್ವುಗಳನ್ನು ತಪಾಸಣೆ ಮಾಡುವ ಕೆಲಸ, ಅದರಲ್ಲಿ ಕಟ್ಟುನಿಟ್ಟು. ಹನ್ನೊಂದು ವರ್ಷಗಳಲ್ಲಿ ಅವನು ಸುಳ್ಳು ಹೇಳಿದ್ದನ್ನು ಆ ಕಾರ್ಖಾನೆ ಕಂಡಿರಲಿಲ್ಲ. ಮುಂದೆ ಕಾಣಲಿತ್ತು.

ಆ ಮೊದಲ ಗುರುವಾರ ಸುಶ್ಮಿತಾ ಶಾಯಿಯ ಗುರುತು ಹೊಡೆದು ತೋರಿಸಿದಳು. ಕಪ್ಪಗೆ, ಚೆಂದಗೆ ಬಂತು. ಕಳಕೇಶ ಡೀಸೆಲ್ಲಿನಲ್ಲಿ ಅದ್ದಿದ ಅರಿವೆಯಿಂದ ಒರೆಸಿದ. ಅಂಕಿಗಳು ಅರಿವೆಗೆ ಬಂದವು.

"ರೈತರ ಕೈಯಾಗ ಡೀಸೆಲ್ ಇದ್ದ ಇರ್ತೈತ್ರಿ."

ಎರಡನೆಯ ಗುರುವಾರ ಬೆಳ್ಳಿ ಬಣ್ಣದ ಸ್ಟಿಕರು ತಂದಳು. ಅವನು ಅದನ್ನು ಊರಿಗೆ ಒಯ್ದು, ತುಂಗಭದ್ರೆಯಲ್ಲಿ ಮೂರು ದಿನ ಮುಳುಗಿಸಿ, ಮಾಳಿಗೆಯ ಮೇಲೆ ಮೂರು ದಿನ ಬಿಸಿಲಿಗೆ ಇಟ್ಟ. ಅಂಟು ಬಿಟ್ಟು ಎದ್ದ ಸ್ಟಿಕರನ್ನು ಕಾಗದದಲ್ಲಿ ಮಡಚಿ, ಹೂವಿನ ಎಸಳಿನಂತೆ ಜೋಪಾನವಾಗಿ ಅವಳ ಕೈಗೆ ಕೊಟ್ಟ.

"ಇಷ್ಟ ಪ್ರೀತೀಲೆ ಯಾರೂ ನನ್ನ ಸ್ಯಾಂಪಲ್ ವಾಪಸ್ ಕೊಟ್ಟಿಲ್ಲ ನೋಡ್ರಿ" ಎಂದು ಅವಳು ನಕ್ಕಳು. ನಗುವಾಗ ಅವಳ ಎಡಹುಬ್ಬು ಮಾತ್ರ ಮೇಲೇರುತ್ತಿತ್ತು. ಕೂದಲೆಳೆಯಷ್ಟು ಸೀಳನ್ನು ಹಿಡಿಯುವ ಕಳಕೇಶನ ಕಣ್ಣು ಅದನ್ನು ಬಿಟ್ಟೀತೇ?

ಮೂರನೆಯ ಗುರುವಾರ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆಯುವ ಹಳೆಯ ಪದ್ಧತಿ. ಗುರುತು ಗಟ್ಟಿಯಾಗಿ ಕೂತಿತು, ಆದರೆ ಹೊಡೆತಕ್ಕೆ ವಾಲ್ವಿನ ತೆಳುವಾದ ಬಾಯಿ ಸೊಟ್ಟಗಾಗಿ ನೀರು ಸೋರಿತು. ಅದನ್ನೂ ಬಿಟ್ಟರು. ಮಧ್ಯಾಹ್ನ ಇಬ್ಬರೂ ಗೇಟಿನ ಹತ್ತಿರ ಬದನೇಕಾಯಿ ಬಜ್ಜಿ ತಿಂದರು.

"ಇನ್ನ ಉಳಿದಿದ್ದು ಲೇಸರ್ ಒಂದ" ಎಂದಳು ಸುಶ್ಮಿತಾ, ಬಜ್ಜಿಯ ಎಣ್ಣೆಯನ್ನು ಪೇಪರಿಗೆ ಒತ್ತುತ್ತ. "ನೀವು ಹೂಂ ಅಂದ್ರ ಮಶಿನ್ ಕೂಡಿಸಿ ನಾ ಬಳ್ಳಾರಿ ಕಡೆ ಹೊಕ್ಕೇನ್ರಿ. ಕಂಪನಿಯವರು ಮುಂದ ನನ್ನ ಅಲ್ಲಿ ಹಾಕ್ಯಾರ."

"ಹೂಂ ಅನ್ನಲಿಲ್ಲಂದ್ರ?"

"ಆಗೂ ಬಳ್ಳಾರಿನ. ಇಲ್ಲಿ ಮತ್ತೇನ್ ಕೆಲಸ ನನಗ?"

ಕಳಕೇಶನ ಬಾಯಲ್ಲಿದ್ದ ಬಜ್ಜಿ ಅಲ್ಲೇ ನಿಂತಿತು. ಹೂಂ ಎಂದರೂ ಹೋಗುತ್ತಾಳೆ, ಊಹೂಂ ಎಂದರೂ ಹೋಗುತ್ತಾಳೆ. ಅವಳು ಬರುತ್ತಲೇ ಇರಬೇಕೆಂದರೆ ಉಳಿದದ್ದು ಒಂದೇ ದಾರಿ: ನೋಡೋಣ ಎನ್ನುವುದು.

ನಾಲ್ಕನೆಯ ಗುರುವಾರ ಲೇಸರ್ ಮಶಿನ್ ಬಂತು. ಅದರ ಮುಂದೆ ಇಬ್ಬರೂ ಹಸಿರು ಕನ್ನಡಕ ಹಾಕಿ ನಿಲ್ಲಬೇಕು. ಒಬ್ಬರ ಕಣ್ಣು ಇನ್ನೊಬ್ಬರಿಗೆ ಕಾಣಿಸದು, ಆದರೂ ಯಾರು ಯಾರನ್ನು ನೋಡುತ್ತಿದ್ದಾರೆಂದು ಇಬ್ಬರಿಗೂ ತಿಳಿಯುತ್ತಿತ್ತು. ವಾಲ್ವಿನ ಮೇಲೆ ಒಂದು ಕಿಡಿ ಓಡಾಡಿತು.

"ಬೆಳಕಿನ ಸೂಜಿ ಇದ್ದಂಗೈತಲ್ರೀ!" ಎಂದ ಕಳಕೇಶ.

ಆದರೆ ಗುರುತು ಮಸುಕಾಗಿ ಬಂತು. ಸುಶ್ಮಿತಾ ಮಶಿನ್ನಿನ ಸುತ್ತ ಎರಡು ಸಲ ಸುತ್ತಿ, "ಮುಂದಿನ ಗುರುವಾರ ಸರಿಮಾಡ್ಕೊಂಡು ಬರ್ತೇನಿ" ಎಂದಳು. ಕಳಕೇಶನಿಗೆ ಆ ಮಶಿನ್ನಿಗೆ ಕೈಮುಗಿಯಬೇಕೆನಿಸಿತು.

ಐದನೆಯ ಗುರುವಾರ ಗುರುತು ಅದ್ಭುತವಾಗಿ ಬಂತು. ಡೀಸೆಲ್ಲಿಗೆ ಜಗ್ಗಲಿಲ್ಲ, ಉಗುರಿಗೆ ಸಿಗಲಿಲ್ಲ, ವಾಲ್ವಿನ ಬಾಯಿಯೂ ಸೊಟ್ಟಗಾಗಲಿಲ್ಲ. ಕಳಕೇಶ ಅರ್ಧ ತಾಸು ಅದನ್ನು ಬೆಳಕಿಗೆ ಹಿಡಿದ, ಬಾಗಿಲಿಗೆ ಹಿಡಿದ, ಕೊನೆಗೆ ಹೇಳಿದ:

"ಈ ಐದರ ಅಂಕಿ ನಗೋ ಹಂಗ ಕಾಣತೈತ್ರಿ."

"ನಗ್ತೈತಿ?"

"ಹೂಂ. ಇದು ವಾಲ್ವು. ಗಂಭೀರ ಸಾಮಾನು."

ಸುಶ್ಮಿತಾಳ ಎಡಹುಬ್ಬು ಮೇಲೇರಿತು. "ಹಂಗಾರ ಐದಕ್ಕ ಬುದ್ಧಿ ಹೇಳಿ ಕರ್ಕೊಂಡ್ ಬರ್ತೇನ್ರಿ" ಎಂದು ಗಂಭೀರವಾಗಿ ಬರೆದುಕೊಂಡಳು.

ಬಾಗಿಲಲ್ಲಿ ನಿಂತಿದ್ದ ಅಂದಪ್ಪನವರ ತಾಳ್ಮೆ ಅಲ್ಲಿಗೆ ಮುಗಿಯಿತು. "ಲೇ ಕಳಕೇಶ, ನನ್ನ ಮಗಳಿಗೆ ವರ ನೋಡಾಕ ನಾ ಇಷ್ಟ ದಿನಾ ತಗೊಂಡಿಲ್ಲ! ಸೋಮವಾರ ಮುಂಜಾನೆ ಹೂಂ ಇಲ್ಲಾ ಊಹೂಂ. ಅಷ್ಟ."

ಶನಿವಾರ ಕಳಕೇಶ ಊಟದ ಡಬ್ಬಿಯನ್ನು ತೆರೆಯದೆ ಕುಳಿತಿದ್ದ. ವಾಲ್ವುಗಳನ್ನು ಒರೆಸಿ ಪೆಟ್ಟಿಗೆಗೆ ಹಾಕುವ ನೀಲಗಂಗವ್ವ ಬಂದು ಎದುರಿಗೆ ಕುಳಿತಳು. ಶಿರಹಟ್ಟಿ ತವರಿನವಳು, ಅರವತ್ತು ದಾಟಿದವಳು. ಅವಳ ಕೈಯಲ್ಲಿ ಯಾವಾಗಲೂ ಅದೇ ಹಿತ್ತಾಳೆಯ ಲೋಟ.

"ಏನ್ ನೋಡಾಕತ್ತಿ? ಓದು" ಎಂದು ಲೋಟವನ್ನು ಅವನ ಮುಂದೆ ಹಿಡಿದಳು.

ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಒಂದು ಹೆಸರಿತ್ತು: ಮುತ್ತಣ್ಣ. ಮದುವೆಯ ಪಾತ್ರೆಗಳಿಗೆ ಅಂಗಡಿಯ ಮುಂದೆ ಕುಳಿತವನು ಚಾಣದಿಂದ ಟಕಟಕ ಹೊಡೆದು ಬರೆಯುತ್ತಿದ್ದ ಕಾಲದ್ದು. ನಲವತ್ತು ವರ್ಷ ಬೂದಿ ಹಚ್ಚಿ ತಿಕ್ಕಿದರೂ ಒಂದು ಚುಕ್ಕಿಯೂ ಅಳಿಸಿರಲಿಲ್ಲ.

"ನಮ್ಮನಿಯವರ ಹೆಸರು. ಲಗ್ನದ ದಿನ ಪದಾ ಕಟ್ಟಿ ಒಡಪಿನ್ಯಾಗ ಒಂದ ಸಲ ಹೇಳೇನಿ. ಆಮ್ಯಾಲೆ ಬಾಯಿಲೆ ಹೇಳಿಲ್ಲ. ಚಾ ಕುಡಿಯುವಾಗ ದಿನಾ ತುಟಿಗೆ ಹತ್ತತೈತಿ, ಸಾಕು." ಲೋಟ ಕೆಳಗಿಟ್ಟಳು. "ಆ ಹುಬ್ಬಳ್ಳಿಯ ಹುಡುಗಿ ಮೊದಲ ವಾರ ಕಳಕೇಶರ, ಕಳಕೇಶರ ಅಂತ ಬಾಯಿ ತುಂಬ ಕರೀತಿತ್ತು. ಈಗ ಎರಡು ವಾರದಿಂದ ಕೇಳಾಕತ್ತೇನಿ, 'ಅವರು ಎಲ್ಲದಾರ್ರಿ?' ಅಂತೈತಿ. 'ಅವರು ಉಂಡ್ರೇನ್ರಿ?' ಅಂತೈತಿ. ಅಂದಪ್ಪನ ಹೆಸರು ಹೇಳ್ತೈತಿ, ನನ್ನ ಹೆಸರು ಹೇಳ್ತೈತಿ. ನಿಂದೊಂದ ಹೇಳವಲ್ದು. ಇಷ್ಟ ಸಣ್ಣ ಅಕ್ಷರ ಓದೋ ಕಣ್ಣಿಗೆ ಇದು ಕಾಣಲಿಲ್ಲೇನ ನಿನಗ?"

ಕಳಕೇಶನ ಕಿವಿ ಬಿಸಿಯಾಯಿತು. ಡಬ್ಬಿ ತೆರೆದು ನಾಲ್ಕು ರೊಟ್ಟಿ ತಿಂದ. ನೀಲಗಂಗವ್ವನ ಪಾಲಿನ ಒಂದು ರೊಟ್ಟಿಯನ್ನೂ ತಿಂದ.

ಸೋಮವಾರ ಎಲ್ಲರೂ ಮಶಿನ್ನಿನ ಸುತ್ತ ಸೇರಿದರು. ಅಂದಪ್ಪನವರು ಕೈಕಟ್ಟಿ ನಿಂತರು. ಮಾಲಕರು ಕರೆಸಿದ್ದ ಸುಶ್ಮಿತಾ ಯಾರ ಮುಖವನ್ನೂ ನೋಡದೆ ವಯರು ಜೋಡಿಸುತ್ತಿದ್ದಳು.

"ಲೇಸರ್ ಚಲೋ ಐತ್ರಿ ಮಾಲಕರ" ಎಂದ ಕಳಕೇಶ. "ಹೋದ ಗುರುವಾರನ ಚಲೋ ಇತ್ತು. ಐದರ ಅಂಕಿ ನಗತಿರಲಿಲ್ಲ. ನಾ ಸುಳ್ಳು ಹೇಳಿದೆ."

"ಯಾಕಲೇ?"

"ಹೂಂ ಅಂದ್ರ ಇವರು ಬಳ್ಳಾರಿಗೆ ಹೊಕ್ಕಾರ್ರಿ. ನನಗ..." ಅವನು ಮಾಲಕರನ್ನು ಬಿಟ್ಟು ಅವಳ ಕಡೆ ತಿರುಗಿದ. "ನನಗ ನೀವು ಗುರುವಾರಷ್ಟ ಬಂದ್ರ ಸಾಲೂದಿಲ್ರಿ. ನನ್ನ ಲಗ್ನಾಗ್ತೀರೇನು?"

ಲೇಥುಗಳೆಲ್ಲ ನಿಂತಿದ್ದವು. ಸುಶ್ಮಿತಾ ಕೈಯಲ್ಲಿದ್ದ ವಯರನ್ನು ಕೆಳಗಿಟ್ಟಳು.

"ನಾಲ್ಕನೇ ಗುರುವಾರ ಗುರುತು ಯಾಕ ಮಸಕಾಗಿತ್ತು ಗೊತ್ತೇನ್ರಿ?" ಎಂದಳು ಮೆಲ್ಲಗೆ. "ಫೋಕಸ್ ಎರಡು ಬೆರಳು ಮ್ಯಾಲೆ ಎತ್ತಿಟ್ಟಿದ್ದೆ. ಬೇಕಂತ. ಇನ್ನೊಂದು ವಾರ ಸಿಗಲಿ ಅಂತ."

ನಾಲ್ವರು ಲೇಥಿನವರು ಒಟ್ಟಿಗೆ ಸಿಳ್ಳೆ ಹಾಕಿದರು.

"ಅದೆಲ್ಲಾ ಇರ್ಲಿ" ಎಂದು ನೀಲಗಂಗವ್ವ ಲೋಟ ಹಿಡಿದುಕೊಂಡು ಮುಂದೆ ಬಂದಳು. "ಹೂಂ ಅನ್ನೋದು ಹಿಂಗಲ್ಲವ್ವ. ಒಡಪು ಹಾಕಿ ಹೆಸರು ಹೇಳು."

"ಇಲ್ಲೇನ್ರಿ ಆಯಿ?"

"ಮತ್ತೆಲ್ಲಿ, ಬಳ್ಳಾರ್ಯಾಗ?"

ಸುಶ್ಮಿತಾ ಹಸಿರು ಕನ್ನಡಕ ಹಾಕಿಕೊಂಡಳು. ನಾಚಿಕೆಗೆ ಅಷ್ಟಾದರೂ ಮರೆ ಬೇಕಲ್ಲ. ಮಶಿನ್ನಿನ ಮೇಲೆ ಬೆರಳಾಡಿಸುತ್ತ, ಕೆಳಗೆ ನೋಡುತ್ತ ಹೇಳಿದಳು:

"ಶಾಯಿ ಸೋತು ಓಡಿತು ಡೀಸೆಲ್ಲಿನ ಅರಿವಿಗೆ,
ಸ್ಟಿಕರು ಸುಲಿದು ಬಿದ್ದಿತು ಕೊರ್ಲಹಳ್ಳಿ ಬಿಸಲಿಗೆ,
ಸುತ್ತಿಗಿಪೆಟ್ಟಿಗೆ ಸೊಟ್ಟಾತು ಬಾಯಿ ಹಿತ್ತಾಳಿಗೆ,
ಕಳಕೇಶರ ಹೆಸರು ಕೊಟ್ಟೇನಿ ಬೆಳಕಿನ ಸೂಜಿಗೆ!"

ಗುಂಡಿ ಒತ್ತಿದಳು. ಕಿಡಿ ಓಡಾಡಿತು. ಒಂದನೆಯ ನಂಬರಿನ ವಾಲ್ವು ಹೊರಬಂತು. ನಂಬರಿನ ಕೆಳಗೆ, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ ಎರಡು ಹೆಸರಿದ್ದವು.

ಕಳಕೇಶ ಅದನ್ನು ಬೆಳಕಿಗೆ ಹಿಡಿದ. ಒಂದು ಕಣ್ಣು ಮುಚ್ಚಿ ಓದಿದ. ಇನ್ನೊಂದು ಕಣ್ಣು ಮುಚ್ಚಿ ಮತ್ತೆ ಓದಿದ.

"ಹಂಗಾರ ಲೇಸರ್ ಅಂತ ಪಕ್ಕಾ ಮಾಡ್ಕೊಳ್ಳಲೇನ್ರಪಾ?" ಎಂದು ಅಂದಪ್ಪನವರು ಎರಡು ಸಲ ಕೇಳಿದರು. ಯಾರಿಗೂ ಕೇಳಿಸಲಿಲ್ಲ.

ಅಂದು ಸಂಜೆ ಪೆಟ್ಟಿಗೆ ತುಂಬುವಾಗ ನೀಲಗಂಗವ್ವ ಎರಡನೆಯ ನಂಬರಿನಿಂದ ಶುರುಮಾಡಿದಳು. ಒಂದನೆಯದು ಎಲ್ಲಿ ಎಂದು ಅವಳು ಕೇಳಲಿಲ್ಲ. ಕಳಕೇಶನ ಅಂಗಿಯ ಎಡಗಿಸೆ ಹಿತ್ತಾಳೆಯ ಭಾರಕ್ಕೆ ಹೊಟ್ಟೆಯವರೆಗೆ ಜೋತುಬಿದ್ದಿತ್ತು.