ಧೂಮಶೇಖರನ ಚಿನ್ನದ ಬಿಲ್ಲೆ

ನಾದ ಇರುವುದು ಮಾಂತ್ರಿಕ ಧೂಮಶೇಖರನ ಚಿನ್ನದ ಬಿಲ್ಲೆಯಲ್ಲಿ ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು.

ಬಹಳ ಹಿಂದಿನ ಮಾತು. ಮೇಳಾವತಿ ಎಂಬ ರಾಜ್ಯದಲ್ಲಿ ತಂತಿವಾದ್ಯ ಇಲ್ಲದ ಮನೆ ಇರಲಿಲ್ಲ. ಆ ರಾಜ್ಯದ ಅಂಚಿನಲ್ಲಿ ಧೂಮಶೇಖರನ ಕೋಟೆ. ಕೋಟೆಗೆ ಮೂರು ಬಾಗಿಲು, ಬಾಗಿಲಿಗೊಂದು ಮಾಯಾಮೃಗ, ಮೃಗದ ಮುಂದೊಂದು ವಾದ್ಯ. ನುಡಿಸಿ ಮೃಗವನ್ನು ಮಲಗಿಸಿದರೆ ಬಾಗಿಲು ತೆರೆಯುತ್ತಿತ್ತು, ಇಲ್ಲವಾದರೆ ನುಡಿಸಿದವರು ಮರವಾಗುತ್ತಿದ್ದರು. ತಂತಿ ಮೀಟಲು ಚಿನ್ನದ ಬಿಲ್ಲೆಯನ್ನು ಮಾಂತ್ರಿಕನೇ ಉದಾರವಾಗಿ ಕೊಡುತ್ತಿದ್ದ. ನಾದದ ಆಸೆಗೆ ಹೋದವರೆಲ್ಲ ಮರವಾದರು. ತಪ್ಪು ತಮ್ಮ ಕೈಯದೇ ಎಂದುಕೊಂಡು ಆದರು.

ರಾಜಕುಮಾರ ಲಿಂಗರಸನೂ ಹೋದ. ಅರಮನೆಗೆ ಮರಳಿ ಬಂದದ್ದು ಒಂದು ವೀಣೆ. ಅದರ ತುದಿಯಲ್ಲಿದ್ದ ಯಾಳಿಯ ಮುಖ ಅವನದೇ. ಮೈಯೆಲ್ಲ ಮರವಾಗಿದ್ದರೂ ನಾಲಿಗೆ ಮಾತ್ರ ಇನ್ನೂ ಆಡುತ್ತಿತ್ತು. ಹುಣ್ಣಿಮೆಯ ಚಂದ್ರ ಮೂಡಿದರೆ ಅದೂ ಮರ, ಆಮೇಲೆ ಅವನಿಗಾಗಲಿ ಮೊದಲು ಮರವಾದವರಿಗಾಗಲಿ ಬಿಡುಗಡೆಯಿಲ್ಲ. ಅದಕ್ಕೆ ಮುಂಚೆ ಯಾರಾದರೂ ಮೂರೂ ಮೃಗಗಳನ್ನು ಮಲಗಿಸಬೇಕು.

ತಂಗಿ ಮುದ್ದಾಜಿ ವೀಣೆಯನ್ನು ಹೆಗಲಿಗೇರಿಸಿ, ದಾರಿಗೆಂದು ಒಂದು ತೆಂಗಿನಕಾಯಿ ಕಟ್ಟಿಕೊಂಡು ಹೊರಟಳು.

"ನಿಧಾನ ನಡಿಯೇ, ತಲೆ ಕಂಬಕ್ಕೆ ಬಡೀತು," ಎಂದಿತು ವೀಣೆ.

"ನೀನು ಮನೇಲಿ ಕೂತಿದ್ದಿದ್ರೆ ತಲೆ ನೆಟ್ಟಗಿರ್ತಿತ್ತು ಅಣ್ಣಯ್ಯ," ಎಂದಳು ಮುದ್ದಾಜಿ.

ಮೊದಲ ಬಾಗಿಲಲ್ಲಿ ಕರಡಿ. ಅದರ ಮುಂದೆ ಚರ್ಮ ಹೊದಿಸಿದ ಸರೋದು, ದಪ್ಪ ತಂತಿಗಳದು. ಪಕ್ಕದ ತಟ್ಟೆಯಲ್ಲಿ ಚಿನ್ನದ ಬಿಲ್ಲೆ. ಎಲ್ಲರಂತೆ ಮುದ್ದಾಜಿಯೂ ಅದನ್ನು ಕಣ್ಣಿಗೊತ್ತಿಕೊಂಡು ಮೀಟಿದಳು. ಬಿಲ್ಲೆ ಬೆವರಿಗೆ ಜಾರಿತು, ತಂತಿ ಕಿರುಚಿತು, ಕರಡಿಯ ಕೂದಲು ನಿಮಿರಿತು. ಮುದ್ದಾಜಿಯ ಕಾಲಿನ ಹೆಬ್ಬೆರಳು ಮರವಾಯಿತು.

ಓಡಲು ಆಗದ್ದರಿಂದ ಅವಳು ಕೇಳಿದಳು: "ಕರಡಿಯಪ್ಪಾ, ಏನಾಯ್ತು?"

ಕರಡಿ ಬೆಪ್ಪಾಗಿ ನೋಡಿತು. ಇಷ್ಟು ಕಾಲದಲ್ಲಿ ಯಾರೂ ಅದನ್ನು ಹಾಗೆ ಕೇಳಿರಲಿಲ್ಲ.

"ಹಲ್ಲು ಜುಮ್ ಅಂತದೆ ತಾಯಿ. ಬಂದೋರೆಲ್ಲ ಅದರಲ್ಲೇ ಕೆರೀತಾರೆ. ಬೇರೆ ಏನೂ ಇಲ್ವಾ ನಿಮ್ಮೂರಲ್ಲಿ?"

ಮುದ್ದಾಜಿ ತೆಂಗಿನಕಾಯಿ ಒಡೆದಳು. ಕೊಬ್ಬರಿ ಕರಡಿಗೆ ಕೊಟ್ಟಳು. ಚಿಪ್ಪಿನ ಒಂದು ಚೂರನ್ನು ಕಲ್ಲಿಗೆ ಉಜ್ಜಿ, ಅಂಚು ನುಣುಪಾದ ಮೇಲೆ ಬೆರಳುಗಳ ನಡುವೆ ಹಿಡಿದಳು. ದಪ್ಪ ತಂತಿಗೆ ಗಟ್ಟಿ ಚಿಪ್ಪು ಸರಿಹೋಯಿತು. ಅದು ಬಾಗಲಿಲ್ಲ, ಜಾರಲಿಲ್ಲ. ದನಿ ತುಂಬಿ ಬಂತು, ಕರಡಿಯ ಕಣ್ಣು ಮುಚ್ಚಿತು. ಅವಳ ಹೆಬ್ಬೆರಳಿಗೆ ಜೀವ ಬಂತು, ಬಾಗಿಲು ತೆರೆಯಿತು.

"ನಿನ್ನ ಉಪಕಾರ ಮರೆಯೋಲ್ಲ," ಎಂದು ಮುದ್ದಾಜಿ ಕೈಮುಗಿದಳು.

"ನಾನೂ," ಎಂದು ನಿದ್ದೆಗಣ್ಣಲ್ಲೇ ಗೊಣಗಿ ಕರಡಿ ಗೊರಕೆ ಹೊಡೆಯಿತು.

ಎರಡನೆಯ ಬಾಗಿಲಲ್ಲಿ ಗಂಡಭೇರುಂಡ. ಮುಂದೆ ಆರು ತಂತಿಯ ಗಿಟಾರ್, ಹಡಗಿನವರು ಬಿಟ್ಟುಹೋದದ್ದು. ಈ ಸಲ ಮುದ್ದಾಜಿ ಮೊದಲೇ ಕೇಳಿದಳು: "ಏನು ಬೇಕಪ್ಪಾ?"

"ಆರೂ ತಂತಿ ಒಟ್ಟಿಗೆ ಗಲಗಲ ಅನ್ಬೇಕು," ಎಂದಿತು ಎಡತಲೆ.

"ಒಂದೊಂದೇ ಸ್ವರ ಬಿಡಿಸಿ ಕೇಳ್ಬೇಕು. ಇವನಿಗೆ ಗದ್ದಲ ಅಂದ್ರೆ ಸಂಗೀತ," ಎಂದಿತು ಬಲತಲೆ.

"ನೀನು ಹುಟ್ಟಿದ್ದೇ ನನ್ನ ನಿದ್ದೆ ಕೆಡಿಸೋಕೆ," ಎಂದಿತು ಎಡತಲೆ.

ತೆಂಗಿನ ಚಿಪ್ಪಿನಿಂದ ಆರು ತಂತಿಯನ್ನೂ ಒಟ್ಟಿಗೆ ಎಳೆದರೆ ಅದು ಒಂದೊಂದಕ್ಕೂ ಸಿಕ್ಕಿಕೊಂಡು ತಡವರಿಸಿತು. ಅವಳ ಕೈಬೆರಳ ತುದಿ ಮರವಾಗತೊಡಗಿತು.

"ಬಾಗೋದು ಬೇಕಮ್ಮಾ, ಬಾಗೋದು!" ಎಂದು ಎಡತಲೆ ಕೂಗಿ, ತನ್ನ ರೆಕ್ಕೆಯ ಗರಿಯೊಂದನ್ನು ಕಿತ್ತು ಎಸೆಯಿತು.

ಮುದ್ದಾಜಿ ಗರಿಯ ದಂಟನ್ನು ತುದಿಯಿಂದ ದೂರದಲ್ಲಿ ಹಿಡಿದು ಬೀಸಿದಳು. ತುದಿ ಬಾಗಿ ಬಾಗಿ ಆರೂ ತಂತಿಯ ಮೇಲೆ ಹರಿಯಿತು. ಎಡತಲೆ ಮಲಗಿತು. ಆಮೇಲೆ ಅದೇ ಗರಿಯನ್ನು ತುದಿಯ ಹತ್ತಿರ ಒತ್ತಿ ಹಿಡಿದು ಮೀಟಿದಳು. ಈಗ ಅದು ಬಾಗಲಿಲ್ಲ, ಸ್ವರಗಳು ಒಂದೊಂದಾಗಿ ಉದುರಿದವು. ಬಲತಲೆ, "ಇಷ್ಟು ದಿನ ಎಲ್ಲಿದ್ದೆ ಮಗಳೇ?" ಎನ್ನುತ್ತ ಮಲಗಿತು. ಮುದ್ದಾಜಿಯ ಬೆರಳಿಗೆ ಜೀವ ಬಂತು, ಬಾಗಿಲು ತೆರೆಯಿತು.

ಹೆಚ್ಚಿನ ಜಗಳಗಳು ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಇದು ಮುಗಿಯಿತು.

ಮೂರನೆಯ ಬಾಗಿಲಲ್ಲಿ ಬಿಳಿ ಹುಲಿ. ಅದರ ಪಕ್ಕದಲ್ಲಿ ಧೂಮಶೇಖರ. ಪೂರ್ವದಲ್ಲಿ ಬೆಟ್ಟದ ಹಿಂದೆ ಚಂದ್ರನ ಬೆಳಕು ಏಳುತ್ತಿತ್ತು.

"ಇಲ್ಲಿ ನುಡಿಸಬೇಕಾದ್ದು ನೀನು ತಂದ ವೀಣೆಯನ್ನೇ," ಎಂದ ಮಾಂತ್ರಿಕ. "ತಗೋ ರಾಜಕುಮಾರಿ, ಚಿನ್ನದ ಬಿಲ್ಲೆ. ಹಟ ಯಾಕೆ?"

"ಅಣ್ಣಯ್ಯ, ಚಿಪ್ಪೋ ಗರಿಯೋ?"

"ಎರಡೂ ಬ್ಯಾಡ ಮುದ್ದಿ," ಎಂದಿತು ವೀಣೆ. ಮಾತು ಆಗಲೇ ತೊದಲುತ್ತಿತ್ತು. "ತಂತಿ ನನ್ನ ನರ. ಬೆರಳಲ್ಲಿ ಮೀಟು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಹಣೆ ಮುಟ್ಟಿ ನೋಡ್ತಿದ್ಯಲ್ಲ, ಹಾಗೆ."

ಮಾಂತ್ರಿಕ ನಕ್ಕ. ಮುದ್ದಾಜಿ ಬರಿಬೆರಳಲ್ಲಿ ಮೀಟಿದಳು. ದನಿ ದೊಡ್ಡದೇನಲ್ಲ. ಆದರೆ ಹುಲಿ ತಲೆಯನ್ನು ಮುಂಗಾಲ ಮೇಲಿಟ್ಟಿತು. ಎರಡನೆಯ ಸಲ ಮೀಟಿದಾಗ ಕಣ್ಣು ಮುಚ್ಚಿತು. ಮೂರನೆಯ ಸಲಕ್ಕೆ ಯಾಳಿಯ ಕಣ್ಣಿಂದ ನೀರು ಹರಿದು, ವೀಣೆ ಇದ್ದ ಜಾಗದಲ್ಲಿ ಲಿಂಗರಸ ಕೂತಿದ್ದ. ಹಿಂದೆ ಮರವಾದವರೇ ಆಗಿದ್ದ ಕೋಟೆಯ ಕಂಬ, ತೊಲೆ, ಬಾಗಿಲುಗಳೆಲ್ಲ ಮೈಮುರಿದು ಮನುಷ್ಯರಾದವು. ಧೂಮಶೇಖರ ಕುಗ್ಗುತ್ತ ಕುಗ್ಗುತ್ತ ವೀಣೆಯ ತಂತಿ ಬಿಗಿಯುವ ಒಂದು ಬಿರಡೆಯಾದ. ಮುದ್ದಾಜಿ ಅದನ್ನು ಮನೆಯ ಹಳೆಯ ವೀಣೆಗೆ ಹಾಕಿಸಿದಳು. ಶ್ರುತಿ ತಪ್ಪಿದಾಗಲೆಲ್ಲ ಅವನ ಕಿವಿ ಹಿಂಡುವುದು ಅವಳಿಗೆ ಇಷ್ಟದ ಕೆಲಸವಾಯಿತು.

ಬಿಡುಗಡೆಯಾದವರು ಅವಳ ಕಾಲಿಗೆ ಬಿದ್ದರು. "ನನಗ್ಯಾಕೆ? ಕರಡಿಗೆ ಹೇಳಿ, ಹಕ್ಕಿಗೆ ಹೇಳಿ," ಎಂದಳು. ಅವರು ಹೋಗಿ ಹೇಳಿದರು. ಕರಡಿಗೆ ಜೇನು ಬಂತು. ಗಂಡಭೇರುಂಡಕ್ಕೆ ಎರಡು ತಟ್ಟೆ ಹಣ್ಣು ಬಂತು, ಒಂದೇ ತಟ್ಟೆಯಾಗಿದ್ದರೆ ಮತ್ತೆ ಜಗಳ. ಹುಲಿಯನ್ನು ಮಾತ್ರ ಯಾರೂ ಎಬ್ಬಿಸಲಿಲ್ಲ, ಅದೂ ಒಂದು ಕೃತಜ್ಞತೆಯೇ. ಲಿಂಗರಸ ಮನೆಯವರೆಗೆ ತಂಗಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ಮೇಳಾವತಿಯ ಜನ ಅಂದಿನಿಂದ ಅವರವರ ವಾದ್ಯಕ್ಕೆ ಹೊಂದುವುದರಲ್ಲಿ ಮೀಟುತ್ತ ಸುಖವಾಗಿ ಬಾಳಿದರು.

ಚಿನ್ನದ ಬಿಲ್ಲೆಗೆ ಗುಡಿ ಕಟ್ಟಬೇಕೆಂದು ಹಿರಿಯರು ಕೆಲವರು ಪಟ್ಟುಹಿಡಿದರು. ಎಷ್ಟಾದರೂ ನಾದ ಅದರಲ್ಲೇ ಇರುವುದಲ್ಲವೇ ಎಂದರು. ಮುದ್ದಾಜಿ ಅವರ ಕೈಗೆ ಬಿಲ್ಲೆ ಕೊಟ್ಟು, ತಂತಿ ಮುಟ್ಟಿಸದೆ ಗಾಳಿಯಲ್ಲಿ ಬೀಸಿ ನೋಡಿ ಎಂದಳು.

ಬೀಸಿದರು. ಏನೂ ಕೇಳಿಸಲಿಲ್ಲ.