ಉಳಿದ ಹತ್ತು ವಿಮಾನಗಳು

ಕಲ್ಲೇಶ್ ಆ ದಿನ ಕಾಲೇಜಿಗೆ ಹೋದದ್ದು ಜಗಳವಾಡಲು. ಪ್ರೀತಿ ಗೀತಿ ಎಂಬ ಯಾವ ಉದ್ದೇಶವೂ ಅವನಿಗಿರಲಿಲ್ಲ.

೧೯೯೫ರ ಫೆಬ್ರವರಿ. ಹಿಂದಿನ ವಾರ ಅವನು ಚಿಕ್ಕಮಗಳೂರಿನ ಪತ್ರಿಕೆಯೊಂದರ ವಾಚಕರ ಅಂಕಣಕ್ಕೆ ಒಂದು ಪತ್ರ ಬರೆದಿದ್ದ. ಮನುಷ್ಯ ಹಾರಲು ಕಲಿತ ದಿನದಿಂದ ಇವತ್ತಿನವರೆಗೆ ಹುಟ್ಟಿದ ಬೇರೆ ಬೇರೆ ವಿಮಾನ ಡಿಸೈನುಗಳು ಎಂಟುನೂರ ನಲವತ್ತು, ಖುದ್ದಾಗಿ ಎಣಿಸಿದ್ದೇನೆ ಎಂದು. ಅದಕ್ಕೆ ‘ಜೆ.ಆರ್., ಸಂಖ್ಯಾಶಾಸ್ತ್ರ ವಿಭಾಗ’ ಎಂಬ ಸಹಿಯಲ್ಲಿ ಉತ್ತರ ಬಂತು: ತಮ್ಮ ಕಣ್ಣಿಗೆ ಬಿದ್ದ ಗಿಡಗಳನ್ನಷ್ಟೇ ಎಣಿಸಿ ಇಷ್ಟೇ ತೋಟ ಎನ್ನುವವರಿಗೆ ಏನು ಹೇಳೋಣ?

ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜದ ಗ್ರೇಡ್ ನೋಡುವ ಕೆಲಸ ಅವನದು. ದಿನವಿಡೀ ಗುಂಡುಬೀಜ, ಚಪ್ಪಟೆಬೀಜ, ಒಡಕು ಎಂದು ಬೇರ್ಪಡಿಸುವವನು. ಅಂಥವನಿಗೆ ಎಣಿಸಲು ಬರುವುದಿಲ್ಲ ಎಂದರೆ ಮೈ ಉರಿಯದಿರುತ್ತದೆಯೇ? ಬೋಳುತಲೆಯ ಮೇಷ್ಟರೊಬ್ಬರನ್ನು ಮನಸ್ಸಿನಲ್ಲೇ ಚಿತ್ರಿಸಿಕೊಂಡು, ಬೈಗುಳಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡು ಹೋದ.

ಕ್ಲಾಸಿನಲ್ಲಿ ಹುಡುಗಿಯೊಬ್ಬಳು ಬೋರ್ಡ್ ಒರೆಸುತ್ತಿದ್ದಳು. ಮೂಗಿನ ತುದಿಗೆ ಸೀಮೆಸುಣ್ಣ ಹತ್ತಿತ್ತು.

“ಜೆ.ಆರ್. ಸರ್ ಎಲ್ಲಿದಾರೆ?”

“ನಾನೇ ಆ ಸರ್ರು. ಜೆ. ರಶ್ಮಿ.” ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನೀವು ವಿಮಾನದೋರಲ್ವಾ?”

ಜೋಡಿಸಿಕೊಂಡು ಬಂದ ಬೈಗುಳಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಮೂಗಿನ ಮೇಲೆ ಸುಣ್ಣ ಇದೆ ಎಂದಷ್ಟೇ ಹೇಳಿದ.

ರಶ್ಮಿ ಮಲ್ಲಂದೂರಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜಯದೇವಪ್ಪನವರ ಮಗಳು. ದಿನವೂ ಬಸ್ಸಿನಲ್ಲಿ ಬಂದು ಪಾಠ ಹೇಳಿ ಹೋಗುವವಳು. ಅಂದಿನಿಂದ ಶನಿವಾರದ ಮಧ್ಯಾಹ್ನಗಳು ಜಿಲ್ಲಾ ಗ್ರಂಥಾಲಯದ ಕಿಟಕಿಯ ಮೇಜಿಗೆ ಮುಡಿಪಾದವು. ಮೊದಲ ಜಗಳವೇ ಯಾವುದನ್ನು ಬೇರೆ ಡಿಸೈನ್ ಎನ್ನಬೇಕೆಂಬುದು. ಎಂಜಿನ್ ಬದಲಾದರೆ ಹೊಸ ವಿಮಾನವೇ ಎಂದು ಅವನು ವಾದಿಸಿದ.

“ಅಲ್ಲ ಮಾರಾಯ್ರೆ, ನಾನು ಸೀರೆ ಬದಲಾಯ್ಸಿದ್ರೆ ಹೊಸ ಹುಡುಗಿ ಆಗ್ತೀನಾ?”

ಆಗುತ್ತಾಳೆ, ದಿನವೂ ಆಗುತ್ತಾಳೆ ಎಂದು ಅವನ ಎದೆ ಹೇಳಿತು. ಬಾಯಿ ಮಾತ್ರ ರೆಕ್ಕೆ ಬದಲಾದರೆ ಹೊಸದು, ಎಂಜಿನ್ ಬದಲಾದರೆ ಹಳೆಯದು ಎಂದು ರಾಜಿ ಮಾಡಿಕೊಂಡಿತು. ನಕ್ಷೆಯಲ್ಲೇ ಉಳಿದವು ಬೇಡ, ಒಮ್ಮೆಯಾದರೂ ನೆಲ ಬಿಟ್ಟೆದ್ದಿರಬೇಕು ಎಂದೂ ಒಪ್ಪಂದವಾಯಿತು. ಆದರೂ ಯಾರೋ ತಮ್ಮ ಹಿತ್ತಲಲ್ಲಿ ಕಟ್ಟಿ, ಒಂದೇ ಸಲ ಹಾರಿಸಿ ಮುರಿದದ್ದನ್ನು ಹುಡುಕುವುದು ಹೇಗೆ?

ಅದಕ್ಕೂ ಅವಳ ಬಳಿ ಉಪಾಯವಿತ್ತು. ಅವಳ ಅಪ್ಪ ಬೋರರ್ ಹುಳ ಹಿಡಿದ ಕಾಫಿ ಗಿಡಗಳನ್ನು ಲೆಕ್ಕಹಾಕುವ ಉಪಾಯ. ಒಂದೇ ತೋಟಕ್ಕೆ ಇಬ್ಬರನ್ನು ಬೇರೆ ಬೇರೆ ದಿನ ಕಳಿಸುತ್ತಿದ್ದರಂತೆ. ಒಬ್ಬ ರೋಗದ ಗಿಡಕ್ಕೆ ಸುಣ್ಣದ ಗುರುತು ಹಾಕಬೇಕು, ಇನ್ನೊಬ್ಬ ಕೆಮ್ಮಣ್ಣಿನದು. ಮೊದಲನೆಯವನಿಗೆ ಮೂವತ್ತು ಸಿಕ್ಕಿತು, ಎರಡನೆಯವನಿಗೆ ಇಪ್ಪತ್ತು ಎನ್ನಿ. ಆ ಇಪ್ಪತ್ತರಲ್ಲಿ ಹತ್ತಕ್ಕೆ ಆಗಲೇ ಸುಣ್ಣ ಇದ್ದರೆ, ಸುಣ್ಣದವನು ಕಂಡದ್ದು ತೋಟದ ಅರ್ಧ ರೋಗ ಎಂದಾಯಿತು. ಹಾಗಾದರೆ ಒಟ್ಟು ಅರವತ್ತು. ಯಾರೂ ಕಾಣದ ಗಿಡಗಳೂ ಹೀಗೆ ಲೆಕ್ಕಕ್ಕೆ ಸಿಗುತ್ತವೆ.

“ಒಂದೇ ಷರತ್ತು. ಎರಡನೆಯೋನು ಮೊದಲನೆಯೋನ ಹೆಜ್ಜೆ ಹಿಡ್ಕೊಂಡು ಹೋಗ್ಬಾರ್ದು. ಹೋದ್ರೆ ಅವನಿಗೆ ಸಿಕ್ಕಿದ್ದೇ ಇವನಿಗೂ ಸಿಗುತ್ತೆ. ಇನ್ನೇನೂ ಉಳಿದಿಲ್ಲ ಅಂದ್ಕೊಂಡು ಕೂತ್ರೆ ತೋಟ ಹಾಳು.”

ಹಾಗಾಗಿ ಇಬ್ಬರೂ ಒಂದೊಂದು ಪಟ್ಟಿ ಮಾಡುವುದು, ಈ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಒಬ್ಬರದನ್ನೊಬ್ಬರು ನೋಡಕೂಡದು ಎಂದು ತೀರ್ಮಾನವಾಯಿತು. ಅಂದು ಮೆಟ್ಟಿಲಿಳಿಯುವಾಗ ಕಲ್ಲೇಶ್ ತನ್ನ ಜನ್ಮದಲ್ಲೇ ಅತಿ ದೊಡ್ಡ ಧೈರ್ಯ ಮಾಡಿದ.

“ಲೆಕ್ಕ ಮುಗಿದ ಮಾರನೇ ದಿನ ಮಲ್ಲಂದೂರಿಗೆ ಬರ್ತೀನಿ. ನಿಮ್ಮ ತಂದೆಯವ್ರ ಹತ್ರ ಮಾತಾಡ್ಬೇಕು.”

ರಶ್ಮಿ ತಲೆಯೆತ್ತಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಾಯಿತು. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ತಿರುಗಿ ನೋಡಿದಳು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಲೇ ಇದ್ದಳು.

ಅಂದೇ ಹೋಗಿ ಕೇಳಿದ್ದರೆ ಯಾರು ಬೇಡ ಎನ್ನುತ್ತಿದ್ದರು? ಜಾತಿ ಒಂದೇ, ಕೈಯಲ್ಲಿ ಕೆಲಸವಿತ್ತು. ಅವನ ತಾಯಿ ಸಿದ್ದಗಂಗಮ್ಮ ಸೊಸೆ ಬಂದರೆ ಸಾಕೆಂದು ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದರು. ಆದರೆ ಕಲ್ಲೇಶನದು ಒಂದು ಕೆಲಸ ಪೂರ್ತಿಯಾಗದೆ ಇನ್ನೊಂದಕ್ಕೆ ಕೈಹಾಕದ ಸ್ವಭಾವ. ಅದನ್ನು ಶಿಸ್ತು ಎಂದುಕೊಂಡಿದ್ದ. ಭಯವೆಂದು ಹೇಳುವವರು ಯಾರೂ ಇರಲಿಲ್ಲ.

ಆ ವರ್ಷ ಅವನು ಸ್ಕೂಟರಿನಲ್ಲಿ ಸುತ್ತದ ಎಸ್ಟೇಟಿಲ್ಲ. ಹಿಂದೆ ಇಂಗ್ಲಿಷ್ ದೊರೆಗಳು ಬಂಗಲೆಗಳಲ್ಲಿ ಬಿಟ್ಟುಹೋದ ವಿಮಾನದ ಪತ್ರಿಕೆಗಳನ್ನು ಬೇಡಿ ತಂದ. ಓದಿ ಮುಗಿಸಿದ್ದನ್ನು ಗ್ರಂಥಾಲಯಕ್ಕೇ ಕೊಟ್ಟ. ಶನಿವಾರಗಳಲ್ಲಿ ಅವಳು ದೂರದ ಮೇಜಿನಲ್ಲಿ ಕೂರುತ್ತಿದ್ದಳು. ಅವನು ಹತ್ತಿರ ಸುಳಿದರೆ ಸಾಕು, ಅಂಗೈ ಹರಡಿ ನೋಟ್‌ಬುಕ್ ಮುಚ್ಚಿ, ಹುಬ್ಬು ಗಂಟಿಕ್ಕಿ, ತುಟಿಯಂಚಿನಲ್ಲಿ ನಗುತ್ತಿದ್ದಳು. ಆ ಅಂಗೈಯನ್ನು ನೋಡಲೆಂದೇ ಅವನು ಒಂದೊಂದು ಮಧ್ಯಾಹ್ನ ನಾಲ್ಕು ಸಲ ನೀರು ಕುಡಿಯಲು ಏಳುತ್ತಿದ್ದ.

ಮರುವರ್ಷದ ಯುಗಾದಿ ಕಳೆದ ಮೇಲಿನ ಶನಿವಾರ ಪಟ್ಟಿಗಳನ್ನು ಎದುರುಬದುರು ಇಟ್ಟರು. ಅವನದು ಸಾವಿರದ ಮುನ್ನೂರ ಹತ್ತು, ಅವಳದು ಆರುನೂರ ನಲವತ್ತು. ಹೆಸರಿಗೆ ಹೆಸರು ತಾಳೆ ನೋಡುತ್ತ ಹೋದಂತೆ ಕಲ್ಲೇಶನ ಮುಖ ಬಿಗಿಯಿತು. ಅವಳ ಆರುನೂರ ನಲವತ್ತರಲ್ಲಿ ಆರುನೂರ ಮೂವತ್ತೊಂದು ಅವನ ಪಟ್ಟಿಯಲ್ಲೂ ಇದ್ದವು. ಸೂತ್ರಕ್ಕೆ ಹಾಕಿದರೆ, ಅವರಿಬ್ಬರೂ ಕಾಣದೆ ಉಳಿದದ್ದು ಇಡೀ ಜಗತ್ತಿನಲ್ಲಿ ಹತ್ತೇ ಹತ್ತು ವಿಮಾನ. ಚಿಕ್ಕಮಗಳೂರಿನ ಗ್ರಂಥಾಲಯದಲ್ಲಿ ಕೂತು ಜಗತ್ತಿನ ವಿಮಾನಗಳನ್ನೆಲ್ಲ ಕಂಡುಬಿಟ್ಟಂತಾಯಿತು, ಅದು ಆಗುವ ಮಾತೇ?

ಅವನ ನೋಟ್‌ಬುಕ್ ಗ್ರಂಥಪಾಲಕ ತಿಮ್ಮಪ್ಪನವರ ಡ್ರಾಯರಿನಲ್ಲೇ ಇರುತ್ತಿತ್ತು. ಬೀಗವೂ ಇರಲಿಲ್ಲ.

“ನನ್ನ ಪಟ್ಟಿ ನೋಡ್ಕೊಂಡು ಬರ್ದಿದೀರಿ.”

ರಶ್ಮಿ ತನ್ನ ನೋಟ್‌ಬುಕ್ ಮುಚ್ಚಿದಳು. “ಹಾಗನ್ಸುತ್ತಾ ನಿಮ್ಗೆ?”

ಹಾಗನ್ನಿಸುತ್ತದೆ ಎಂದ. ಒಂದು ವರ್ಷ ದಂಡವಾಯಿತು, ಮತ್ತೆ ಮೊದಲಿಂದ ಶುರುಮಾಡಬೇಕು, ಸುಳ್ಳು ಲೆಕ್ಕ ಇಟ್ಟುಕೊಂಡು ನಿಮ್ಮ ತಂದೆಯ ಎದುರು ಹೇಗೆ ನಿಲ್ಲಲಿ ಎಂದೆಲ್ಲ ಆಡಿದ. ಸೋಮವಾರ ವಸ್ತಾರೆಯಿಂದ ನನ್ನನ್ನು ನೋಡಲು ಬರುತ್ತಿದ್ದಾರೆ ಎಂದು ಅವಳು ಮೆಲ್ಲಗೆ ಹೇಳಿದಳು. ಬಂದರೆ ಬರಲಿ, ಇನ್ನೊಂದು ವರ್ಷ ತಡೆಯಲಾಗುವುದಿಲ್ಲವೇ ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ತನ್ನ ನೋಟ್‌ಬುಕ್ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಆ ವೈಶಾಖದಲ್ಲಿ ವಸ್ತಾರೆಯ ಬಸವರಾಜು ಜೊತೆ ಮದುವೆಯಾಯಿತು.

ಕಲ್ಲೇಶ್ ಮದುವೆಯಾಗಲಿಲ್ಲ. ಪಂತವೇನಲ್ಲ. ನೋಡಿದ ಹುಡುಗಿಯರೆಲ್ಲ ಒಳ್ಳೆಯವರೇ, ಆದರೆ ಯಾರ ಎದುರು ಕೂತರೂ ನೋಟ್‌ಬುಕ್ ಮುಚ್ಚುವ ಒಂದು ಅಂಗೈ ಅಡ್ಡ ಬರುತ್ತಿತ್ತು.

೨೦೦೬ರಲ್ಲಿ ತಿಮ್ಮಪ್ಪನವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಉಪ್ಪಿಟ್ಟಿನ ತಟ್ಟೆ ಹಿಡಿದು ಹಳೆಯದನ್ನೆಲ್ಲ ನೆನೆಯುತ್ತ, ಆ ಲೆಕ್ಚರರ್ ಹುಡುಗಿಯ ಪಟ್ಟು ಎಂಥದ್ದಿತ್ತು ಮಾರಾಯ ಎಂದರು. ಕಲ್ಲೇಶ್ ಓದಿ ಕೊಟ್ಟ ಪುಸ್ತಕ, ಪತ್ರಿಕೆಗಳನ್ನು ಅವಳು ಬೇರೆ ಯಾರಿಗೂ ಕೊಡಗೊಡುತ್ತಿರಲಿಲ್ಲವಂತೆ. “ಅವ್ರು ಈಗಷ್ಟೇ ಓದಿದ್ದು ಯಾವ್ದೋ ಅದೇ ಕೊಡಿ ಅನ್ನೋಳು. ಮೊದಲ್ನೇ ಪುಟದಿಂದ ಕಡೇ ಪುಟದವರೆಗೆ ಓದೋಳು.”

ತಟ್ಟೆ ಕೈಯಲ್ಲೇ ಉಳಿಯಿತು. ಒಂದೇ ಪುಸ್ತಕಗಳನ್ನು ಓದಿದ ಇಬ್ಬರಿಗೆ ಒಂದೇ ಹೆಸರುಗಳು ಸಿಗದೆ ಇನ್ನೇನು ಸಿಗುತ್ತವೆ? ಬೀಜ ನೋಡಿ ಗಿಡದ ಹಣೆಬರಹ ಹೇಳುವವನಿಗೆ ಇಷ್ಟು ಹೊಳೆಯಲು ಹತ್ತು ವರ್ಷ ಬೇಕಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮರುದಿನವೇ ವಸ್ತಾರೆಗೆ ಹೋದ. ಬಸವರಾಜು ಒಳ್ಳೆಯ ಮನುಷ್ಯ. ಕಾಫಿ ಕುಡಿಸಿ, ಮಾತಾಡ್ತಿರಿ ಎಂದು ಕಣದಲ್ಲಿ ಒಣಗಿದ್ದ ಕಾಫಿ ನೋಡಲು ಹೋದ. ರಶ್ಮಿಯ ಕಿವಿಯ ಮೇಲೊಂದು ಕೂದಲು ಬೆಳ್ಳಗಾಗಿತ್ತು. ಕಲ್ಲೇಶ್ ತಿಮ್ಮಪ್ಪನವರ ಮಾತನ್ನು ತಿಳಿಸಿ, ತಪ್ಪಾಯಿತು ಎಂದ.

“ನಕಲು ಮಾಡೋಕೆ ಒಂದು ವಾರ ಸಾಕಿತ್ತು,” ಎಂದಳು ಅವಳು. “ನಾನು ಒಂದು ವರ್ಷ ಓದ್ದೆ. ನೀವು ಮುಟ್ಟಿದ ಪುಟ ಮುಟ್ಬೇಕು ಅನ್ಸೋದು. ಲೆಕ್ಕ ಹಾಳಾಗುತ್ತೆ ಅಂತ ಗೊತ್ತಿತ್ತು. ಪಾಠ ಹೇಳೋಳಿಗೆ ಗೊತ್ತಿರಲ್ವಾ?”

“ಅವತ್ತೇ ಯಾಕೆ ಹೇಳ್ಲಿಲ್ಲ?”

“ನೀವು ಲೆಕ್ಕ ತಪ್ಪು ಅಂದ್ರಿ. ಲೆಕ್ಕ ತಪ್ಪೇ ಆಗಿತ್ತಲ್ಲ.”

ಎಣಿಕೆ ಮುಗಿಯಿತೇ ಎಂದು ಕೇಳಿದಳು. ಅವನು ಅದನ್ನು ಎಂದೋ ಬಿಟ್ಟಿದ್ದ. ಮೂವತ್ತು ಸಾವಿರವೋ ಅರವತ್ತು ಸಾವಿರವೋ, ಖಚಿತವಾಗಿ ಯಾರಿಗೂ ತಿಳಿಯುವುದಿಲ್ಲ, ಮುಗಿಯುವ ಲೆಕ್ಕವೇ ಅದಲ್ಲ ಎಂದ. ಅಂಥ ಲೆಕ್ಕ ಮುಗಿಯಲೆಂದು ತಾನು ಕಾದದ್ದು ಹೇಳುತ್ತಿರುವಾಗಲೇ ನೆನಪಾಯಿತು.

ಹೊರಡುವಾಗ ಅಂಗಳದಲ್ಲಿ ನಿಂತು, ಹತ್ತು ವರ್ಷದಿಂದ ಎದೆಯಲ್ಲಿದ್ದುದನ್ನು ಕಡೆಗೂ ಆಡಿದ.

“ಆ ಭಾನುವಾರ ನಾನು ಮಲ್ಲಂದೂರಿಗೆ ಬರ್ಬೇಕಿತ್ತು, ರಶ್ಮಿ.”

“ನಮ್ಮಪ್ಪಂಗೆ ಹೇಳಿಟ್ಟಿದ್ದೆ,” ಎಂದಳು. “ವಸ್ತಾರೆಯೋರನ್ನ ಎರಡು ಸಲ ಮುಂದಕ್ಕೆ ಹಾಕಿದ್ರು, ನಿಮಗೋಸ್ಕರ. ಶನಿವಾರದ ಜಗಳ ನಾನು ಹೇಳಿರ್ಲಿಲ್ಲ, ಆದ್ರೂ ಬರ್ತೀರಿ ಅಂದ್ಕೊಂಡಿದ್ದೆ. ಆ ಭಾನುವಾರ ಬೆಳಿಗ್ಗೆಯಿಂದ ಇಸ್ತ್ರಿ ಅಂಗಿ ಹಾಕ್ಕೊಂಡು ಗೇಟ್ ಹತ್ರ ಕೂತಿದ್ರು. ಪ್ರತಿ ಬಸ್ಸು ಬಂದಾಗ್ಲೂ ಎದ್ದು ನಿಲ್ಲೋರು. ಕಡೇ ಬಸ್ಸೂ ಹೋದ್ಮೇಲೆ ಒಳಗೆ ಬಂದು, ಅಂಗಿ ಬಿಚ್ಚಿ, ಹುಡುಗಂಗೆ ಹುಷಾರಿಲ್ವೇನೋ ಮಗಳೇ ಅಂದ್ರು.”