ಎಲ್ಲರದೂ ಒಂದೇ ಕೈ

ಹಸ್ತಬೋಧಿನಿ ತೊಟ್ಟ ನಲವತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ಒಮ್ಮೆಗೇ ಹೆಬ್ಬೆರಳು ಸಡಿಲಿಸಿದರು. ನಲವತ್ತು ಪಿಪೆಟ್‌ಗಳು ಒಂದೇ ಕ್ಷಣದಲ್ಲಿ ಅಳತೆಯ ದ್ರವ ಹೀರಿದವು. ಧಾರವಾಡದ ಜೈವಿಕ ತಂತ್ರಜ್ಞಾನ ಸಂಸ್ಥೆಯ ಪ್ರೊಫೆಸರ್ ವಿರೂಪಾಕ್ಷ ಹಂಪಣ್ಣವರು ಅದನ್ನು ತೃಪ್ತಿಯಿಂದ ನೋಡಿದರು.

ಹಸ್ತಬೋಧಿನಿ ಎಂದರೆ ತೆಳುವಾದ ಗವಸು. ನಿಪುಣನೊಬ್ಬನ ಬೆರಳುಗಳ ಚಲನೆಯನ್ನು ಅದು ನೆನಪಿನಲ್ಲಿಟ್ಟುಕೊಂಡು, ತೊಟ್ಟವರ ಸ್ನಾಯುಗಳಿಗೆ ಕಲಿಸುತ್ತದೆ. ಒಮ್ಮೆ ಕಲಿತ ಮೇಲೆ ಗವಸು ಕಳಚಿದರೂ ಕೈ ಆ ಚಲನೆಯನ್ನು ಬಿಡುವುದಿಲ್ಲ. ವಿದೇಶಿ ಔಷಧ ಕಂಪನಿಗಳಿಗೆ ಬೇಕಾದದ್ದೂ ಇದೇ: ಯಾವ ದೇಶದಲ್ಲಿ ಅಳೆದರೂ ಒಂದೇ ಉತ್ತರ. ಹದಿನೈದು ವರ್ಷಗಳಲ್ಲಿ ಸಂಸ್ಥೆಯ ಪದವೀಧರರು ಮೂವತ್ತು ದೇಶಗಳನ್ನು ಸೇರಿದರು. ಅಲ್ಲಿಯ ವಿಶ್ವವಿದ್ಯಾಲಯಗಳೂ ಅದೇ ಗವಸನ್ನು ಕೊಂಡವು. ಗವಸಿನ ನೆನಪಿನಲ್ಲಿದ್ದ ಕೈ ಹಂಪಣ್ಣವರದು.

ಆ ಕೈ ನೂರು ಪಾಲು ಹೀರಬೇಕಾದಲ್ಲಿ ತೊಂಬತ್ತೊಂದು ಹೀರುತ್ತಿತ್ತು. ಹೆಬ್ಬೆರಳು ತುಸು ಬೇಗ ಏಳುತ್ತಿತ್ತು, ಅಷ್ಟೆ. ಹಿಂದೆ ಒಬ್ಬನ ಹೆಚ್ಚು ಇನ್ನೊಬ್ಬನ ಕಡಿಮೆಯಲ್ಲಿ ಕಳೆದು, ಸರಾಸರಿ ಸತ್ಯದ ಸಮೀಪ ನಿಲ್ಲುತ್ತಿತ್ತು. ಈಗ ಎಲ್ಲರೂ ಕಡಿಮೆ ಅಳೆದರು. ಎಲ್ಲರ ಉತ್ತರವೂ ತಾಳೆಯಾಯಿತು. ತಾಳೆಯಾದದ್ದನ್ನು ಯಾರೂ ಸಂಶಯಿಸಲಿಲ್ಲ. ಹೃದಯದ ಔಷಧವೊಂದರಲ್ಲಿ ಈ ಅಳತೆಯಿಂದ ಸತ್ವ ಸಾಲದೆಂದು ಕಂಡು ಕಂಪನಿಗಳು ಅದನ್ನು ಹೆಚ್ಚಿಸಿದವು. ರೋಗಿಗಳು ಕುಸಿದುಬಿದ್ದ ಮೇಲೆ ತಪ್ಪು ಹೊರಬಿತ್ತು.

ಗವಸಿಗೆ ಬೇರೊಂದು ಕೈ ಬೇಕಾಯಿತು. ಪಳಗಿದ, ಆದರೆ ಹಸ್ತಬೋಧಿನಿಗೆ ಒಗ್ಗದ ಕೈ. ಹಂಪಣ್ಣವರಿಗೆ ನೆನಪಾದ ಹೆಸರು ಒಂದೇ: ಮೊದಲ ತಂಡದ ನೀಲಗಂಗಾ ಅಣ್ಣಿಗೇರಿ. ಗವಸು ಎಷ್ಟು ಎಳೆದರೂ ಅವಳ ಹೆಬ್ಬೆರಳು ತನ್ನ ಹದದಲ್ಲೇ ಏಳುತ್ತಿತ್ತು. ‘ಅಳತೆ ಹೆಚ್ಚು, ಅನುತ್ತೀರ್ಣ’ ಎಂದು ಅವರೇ ಬರೆದಿದ್ದರು. ಅವಳು ಹೀರಿದ್ದನ್ನು ತೂಗಿ ನೋಡಿರಲಿಲ್ಲ.

ಅವಳು ಗದಗಿನ ಡೇರಿಯೊಂದರಲ್ಲಿ ಹಾಲು ಪರೀಕ್ಷಿಸುತ್ತಿದ್ದಳು. ಹಂಪಣ್ಣವರು ಅಲ್ಲಿಗೇ ಹೋದರು.

“ಅಯ್ಯ, ಸರ್! ಬರ್ರಿ, ಕೂಡ್ರಿ. ಇನ್ನೊಮ್ಮೆ ನಪಾಸ್ ಮಾಡಾಕ ಬಂದೀರೇನ್ರಿ?”

“ಇಲ್ಲವ್ವಾ. ನಿನ್ನ ಕೈ ನೋಡಬೇಕಾಗಿತ್ತು. ನೂರು ಹೀರಿ ತೋರ್ಸು.”

ಅವಳು ಉತ್ಸಾಹದಿಂದ ಪಿಪೆಟ್ ಎತ್ತಿಕೊಂಡಳು. ಹೆಬ್ಬೆರಳು ಬೇಗ ಎದ್ದಿತು. ಹಂಪಣ್ಣವರು ಮತ್ತೆ ಮಾಡಿಸಿದರು. ಮತ್ತೆಯೂ ಅಷ್ಟೇ ಬೇಗ.

“ಇದು... ಯಾವಾಗ ಕಲ್ತಿ?”

“ನೀವು ನಪಾಸ್ ಅಂತ ಬರೆದದ್ದು ಭಾಳ ಚುಚ್ಚಿತ್ರಿ. ಹಳೇ ಗವಸೊಂದು ಹುಡುಕಿ ತಂದು, ಎರಡು ವರ್ಷ ದಿನಾ ಕೈ ತಿದ್ದೀನ್ರಿ. ಬೆರಳು ಬಾತು ತುತ್ತು ಎತ್ತಾಕ ಬರ್ತಿರಲಿಲ್ಲ. ಈಗ ನಿಮ್ಮ ಕೈ ಯಾವುದು, ನಂದು ಯಾವುದು, ಯಾರೂ ಹೇಳಾಂಗಿಲ್ಲ. ಈಗರ ಪಾಸ್ ಅನ್ರಿ, ಸರ್!”

ಅವರು ಅವಳ ಕೈಯಿಂದ ಪಿಪೆಟ್ ತೆಗೆದು ಮೇಜಿನ ಮೇಲಿಟ್ಟರು.

“ಪಾಸವ್ವಾ,” ಎಂದರು ಹಂಪಣ್ಣವರು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಗುರುಗಳಿಗೆ ಚಹಾ ತರಲು ಹೋದಳು.